ಸಮತಟ್ಟು ನೆಲ, ಎದುರು ಗಾಳಿ: ಆಮ್‌ಸ್ಟರ್‌ಡ್ಯಾಮ್ ಸೈಕಲ್ ನಗರವಾದ ಬಗೆ

ನೆದರ್ಲೆಂಡ್ಸ್ ದೇಶದಲ್ಲಿ ಜನರಿಗಿಂತ ಸೈಕಲ್‌ಗಳೇ ಹೆಚ್ಚು. ಸುಮಾರು 1 ಕೋಟಿ 80 ಲಕ್ಷ ಜನರಿಗೆ ಅಂದಾಜು 2 ಕೋಟಿ 30 ಲಕ್ಷ ಸೈಕಲ್‌ಗಳಿವೆ. ಅಲ್ಲಿನವರು ಕೈಗೊಳ್ಳುವ ಪ್ರತಿ ನಾಲ್ಕು ಪ್ರಯಾಣಗಳಲ್ಲಿ ಒಂದಾದರೂ ಸೈಕಲ್ ಮೇಲೆ ನಡೆಯುತ್ತದೆ. ರಾಜಧಾನಿ ಆಮ್‌ಸ್ಟರ್‌ಡ್ಯಾಮ್‌ನ ಕೇಂದ್ರ ರೈಲು ನಿಲ್ದಾಣದ ಮುಂದೆ, ನೀರಿನ ಕೆಳಗೆ, 7,000 ಸೈಕಲ್‌ಗಳನ್ನು ನಿಲ್ಲಿಸಬಲ್ಲ ತಂಗುದಾಣವೊಂದು 2023ರ ಜನವರಿಯಲ್ಲಿ ತೆರೆಯಿತು. ಶಾಲೆಯ ಮಕ್ಕಳು, ಪ್ರಾಧ್ಯಾಪಕರು, ಮಂತ್ರಿಗಳು, ಎಂಬತ್ತು ದಾಟಿದ ಅಜ್ಜಿಯರು ಎಲ್ಲರೂ ಅಲ್ಲಿ ಸೈಕಲ್ ತುಳಿಯುತ್ತಾರೆ.

ಇದಕ್ಕೆ ಕಾರಣವೇನು? ಈ ಪ್ರಶ್ನೆಗೆ ಬಹುಮಂದಿ ಕೊಡುವ ಉತ್ತರ ಒಂದೇ: "ಅಲ್ಲಿಯ ನೆಲ ಸಮತಟ್ಟು, ಆದ್ದರಿಂದ." ಉತ್ತರ ಸರಳವಾಗಿದೆ. ಸರಿಯಾಗಿಯೂ ಇದೆಯೇ? ವಿಜ್ಞಾನದ ವಿದ್ಯಾರ್ಥಿಗಳು ಮಾಡಬೇಕಾದಂತೆ ಇದನ್ನು ಪರೀಕ್ಷೆಗೆ ಒಡ್ಡೋಣ.

ಗಾಳಿಯೆಂಬ ಕಾಣದ ಬೆಟ್ಟ

ಸವಾರ ಮತ್ತು ಸೈಕಲ್ ಸೇರಿ 90 ಕಿ.ಗ್ರಾಂ. ಇದೆ ಎನ್ನೋಣ. ಗಾಳಿಯಿಲ್ಲದ ದಿನ ಸಮತಟ್ಟಾದ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಸಾಗಲು ಅವನು ಎರಡು ಬಗೆಯ ತಡೆಗಳನ್ನು ಮೀರಬೇಕು. ಟೈರಿನ ಉರುಳು ಘರ್ಷಣೆಗೆ ಸುಮಾರು 22 ವ್ಯಾಟ್, ಗಾಳಿಯ ರೋಧಕ್ಕೆ ಸುಮಾರು 24 ವ್ಯಾಟ್, ಒಟ್ಟು 46 ವ್ಯಾಟ್ ಸಾಮರ್ಥ್ಯ ಸಾಕು. ಇದು ಒಂದು ಸಾಧಾರಣ ಬಲ್ಬು ಬಳಸುವಷ್ಟೇ.

ಈಗ ಸೆಕೆಂಡಿಗೆ 5 ಮೀಟರ್ ವೇಗದ ಎದುರು ಗಾಳಿ ಬೀಸುತ್ತಿದೆ ಎಂದಿಟ್ಟುಕೊಳ್ಳಿ. ಉತ್ತರ ಸಮುದ್ರದ ಅಂಚಿನಲ್ಲಿರುವ ಈ ದೇಶದಲ್ಲಿ ಇದೇನೂ ಬಿರುಗಾಳಿಯಲ್ಲ. ಗಾಳಿಯ ರೋಧ ಸಾಪೇಕ್ಷ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಅದೇ 15 ಕಿ.ಮೀ. ವೇಗಕ್ಕೆ ಈಗ ಸುಮಾರು 138 ವ್ಯಾಟ್ ಬೇಕು, ಎಂದರೆ ಮೊದಲಿನ ಮೂರು ಪಟ್ಟು! ಹೆಚ್ಚುವರಿ ಬಲ ಸುಮಾರು 22 ನ್ಯೂಟನ್. ಸವಾರ ಮತ್ತು ಸೈಕಲ್‌ನ ಒಟ್ಟು ತೂಕ 882 ನ್ಯೂಟನ್ ಆದ್ದರಿಂದ, ಇದು ಪ್ರತಿ 40 ಮೀಟರಿಗೆ 1 ಮೀಟರ್ ಏರುವ ದಿಣ್ಣೆಯನ್ನು ಹತ್ತಿದ್ದಕ್ಕೆ ಸಮ. ದಿಣ್ಣೆಗಾದರೆ ತುದಿಯಿದೆ, ಅದರಾಚೆ ಇಳಿಜಾರೂ ಇದೆ. ಎದುರು ಗಾಳಿ ಮನೆಯಿಂದ ಶಾಲೆಯವರೆಗೂ ಮುಗಿಯದ ಏರು.

ಸಮತಟ್ಟು ನೆಲದ ವಾದಕ್ಕೆ ಇದಕ್ಕಿಂತ ದೊಡ್ಡ ತೊಡಕು ಇತಿಹಾಸದಲ್ಲಿದೆ. ನೆಲ 1960ರಲ್ಲೂ ಸಮತಟ್ಟಾಗಿಯೇ ಇತ್ತು. ಆದರೆ ಆ ದಶಕದಲ್ಲಿ ಅಲ್ಲಿಯ ಜನ ವರ್ಷವರ್ಷವೂ ಸೈಕಲ್ ಬಿಡುತ್ತಿದ್ದರು.

ಏರಿಕೆ ಮತ್ತು ಇಳಿಕೆ

ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಮನ್‌ಹೈಮ್ ನಗರದಲ್ಲಿ, ಕಾಲಿನಿಂದ ನೆಲವನ್ನು ಒದ್ದು ಓಡಿಸುವ ಎರಡು ಚಕ್ರದ ಗಾಡಿಯನ್ನು ತೋರಿಸಿದ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹಿಂಬದಿ ಚಕ್ರಕ್ಕೆ ಸರಪಳಿ ಜೋಡಿಸಿದ 'ರೋವರ್' ಸೈಕಲ್ ತಯಾರಿಸಿದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಇಂದಿನ ಸೈಕಲ್‌ನ ರೂಪ ಹೆಚ್ಚುಕಡಿಮೆ ಅಲ್ಲಿಗೆ ಸಿದ್ಧವಾಯಿತು.

ನೆದರ್ಲೆಂಡ್ಸ್‌ನ ಸೈಕಲ್ ಸವಾರರು 1883ರಷ್ಟು ಹಿಂದೆಯೇ ಎ.ಎನ್.ಡಬ್ಲ್ಯು.ಬಿ. ಎಂಬ ಸಂಘ ಕಟ್ಟಿದ್ದರು. ಯುಟ್ರೆಕ್ಟ್ ನಗರದ ಮಾಲಿಬಾನ್ ಬೀದಿಯಲ್ಲಿ ದೇಶದ ಮೊದಲ ಸೈಕಲ್ ಹಾದಿ 1885ರಲ್ಲಿ ಆಯಿತು. ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಸೈಕಲ್ ಶ್ರೀಮಂತರ ಆಟದಿಂದ ಕಾರ್ಮಿಕರ ವಾಹನಕ್ಕೆ ಇಳಿದಿತ್ತು. 1924ರಲ್ಲಿ ಸರ್ಕಾರ ಸೈಕಲ್ ಮೇಲೆ ತೆರಿಗೆ ಹಾಕಿತು. ತೆರಿಗೆ ಕಟ್ಟಿದವರು ಲೋಹದ ಬಿಲ್ಲೆಯೊಂದನ್ನು ಸೈಕಲ್‌ಗೆ ಕಟ್ಟಿಕೊಳ್ಳಬೇಕಿತ್ತು.

ಎರಡನೆಯ ಮಹಾಯುದ್ಧದ ನಂತರ ಜನರ ವರಮಾನ ಏರಿತು, ಕಾರುಗಳು ಬಂದವು. ಸೈಕಲ್ ಬಡತನದ ಗುರುತಾಯಿತು. ಕಾಲುವೆಗಳ ನಗರವಾದ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಾರುಗಳಿಗೆ ಜಾಗವೆಲ್ಲಿ? 1954ರಲ್ಲಿ ನಗರದ ಪೊಲೀಸ್ ಮುಖ್ಯಸ್ಥ ಕಾಸ್ಯಾಗರ್, ಕಾಲುವೆಗಳನ್ನು ಮುಚ್ಚಿ ರಸ್ತೆ ಮತ್ತು ಕಾರು ನಿಲುಗಡೆ ಮಾಡೋಣ ಎಂದು ಸೂಚಿಸಿದ! ಜನ ವಿರೋಧಿಸಿದ್ದರಿಂದ ಅದು ನಡೆಯಲಿಲ್ಲ. ಆದರೆ ಚೌಕಗಳು ಕಾರುಗಳಿಂದ ತುಂಬಿದವು, ಹಳೆಯ ಬಡಾವಣೆಗಳ ನಡುವೆ ಅಗಲ ರಸ್ತೆಗಳ ಯೋಜನೆಗಳು ತಯಾರಾದವು. ಎ.ಎನ್.ಡಬ್ಲ್ಯು.ಬಿ. ಕೂಡ ಅಷ್ಟು ಹೊತ್ತಿಗೆ ಮುಖ್ಯವಾಗಿ ಕಾರು ಮಾಲೀಕರ ಸಂಘವಾಗಿತ್ತು.

ಬಿಳಿ ಸೈಕಲ್‌ಗಳು

ಮೊದಲ ಪ್ರತಿರೋಧ ಬಂದದ್ದು 1965ರಲ್ಲಿ. 'ಪ್ರೊವೊ' ಎಂಬ ಯುವಕರ ಗುಂಪಿನಲ್ಲಿದ್ದ ವಿನ್ಯಾಸಕಾರ ಲೂಡ್ ಸ್ಕಿಮ್ಮೆಲ್‌ಪೆನ್ನಿಂಕ್ 'ಬಿಳಿ ಸೈಕಲ್ ಯೋಜನೆ'ಯನ್ನು ಮುಂದಿಟ್ಟ. ನಗರದ ಒಳಭಾಗಕ್ಕೆ ಮೋಟಾರು ವಾಹನಗಳು ಬರಬಾರದು. ನಗರಾಡಳಿತವೇ ಸಾವಿರಾರು ಬಿಳಿ ಸೈಕಲ್‌ಗಳನ್ನು ಬೀದಿಯಲ್ಲಿಡಬೇಕು. ಯಾರು ಬೇಕಾದರೂ ತೆಗೆದುಕೊಂಡು, ತಮ್ಮ ಜಾಗ ತಲುಪಿದ ಮೇಲೆ ಮುಂದಿನವರಿಗಾಗಿ ಅಲ್ಲಿಯೇ ಬಿಡಬೇಕು. ಯೋಜನೆ ಇಷ್ಟೇ. ಯುವಕರು ಕೆಲವು ಸೈಕಲ್‌ಗಳಿಗೆ ತಾವೇ ಬಿಳಿ ಬಣ್ಣ ಬಳಿದು ಬೀದಿಯಲ್ಲಿಟ್ಟರು. ಬೀಗ ಹಾಕದೆ ಸೈಕಲ್ ಬಿಡುವುದು ಕಾನೂನಿಗೆ ವಿರುದ್ಧವೆಂದು ಪೊಲೀಸರು ಅವನ್ನು ಎತ್ತಿಕೊಂಡು ಹೋದರು. ನಗರಸಭೆಯೂ ಯೋಜನೆಯನ್ನು ಒಪ್ಪಲಿಲ್ಲ.

ಮಕ್ಕಳು ಬೀದಿಗಿಳಿದರು

ವಿಷಯ ತಮಾಷೆಯಾಗಿ ಉಳಿಯದಂತೆ ಮಾಡಿದ್ದು ಸಾವಿನ ಲೆಕ್ಕ. 1970ರ ದಶಕದ ಆರಂಭದಲ್ಲಿ ಸುಮಾರು 1 ಕೋಟಿ 30 ಲಕ್ಷ ಜನರಿದ್ದ ಆ ದೇಶದಲ್ಲಿ ವರ್ಷಕ್ಕೆ 3,000ಕ್ಕೂ ಹೆಚ್ಚು ಮಂದಿ ರಸ್ತೆಯಲ್ಲಿ ಸಾಯುತ್ತಿದ್ದರು. 1971ರಲ್ಲಿ ಸತ್ತವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ದಿನಕ್ಕೆ ಒಂದಕ್ಕಿಂತ ಹೆಚ್ಚು ಮಗು.

ಸತ್ತವರಲ್ಲಿ ಒಬ್ಬಳು ಪತ್ರಕರ್ತ ವಿಕ್ ಲಾಂಗೆನ್‌ಹೋಫ್‌ನ ಮಗಳು. 1972ರಲ್ಲಿ ಅವನು 'ಡೆ ಟೈಡ್' ಪತ್ರಿಕೆಯಲ್ಲಿ ಬರೆದ ಲೇಖನದ ಶೀರ್ಷಿಕೆ 'ಮಕ್ಕಳ ಕೊಲೆ ನಿಲ್ಲಿಸಿ'. ಅಪಘಾತ ಎಂಬ ಪದವನ್ನು ಅವನು ಬೇಕೆಂದೇ ಬಿಟ್ಟಿದ್ದ. ಅದೇ ಹೆಸರಿನಲ್ಲಿ ಒಂದು ಸಂಘಟನೆ ಹುಟ್ಟಿತು. ಮಾರ್ತ್ಯೆ ಫಾನ್ ಪುಟ್ಟೆನ್ ಎಂಬ ಯುವತಿ ಅದರ ಮೊದಲ ಅಧ್ಯಕ್ಷೆಯಾದಳು. ತಂದೆತಾಯಿಯರು ಮಕ್ಕಳೊಂದಿಗೆ ಸೈಕಲ್ ಮೆರವಣಿಗೆ ತೆಗೆದರು. ಸಾವು ಸಂಭವಿಸಿದ ಜಾಗಗಳಲ್ಲಿ ರಸ್ತೆ ತಡೆದರು. ಬೀದಿಯ ಮಧ್ಯೆ ಮೇಜು ಹಾಕಿ ಊಟಕ್ಕೆ ಕುಳಿತರು.

ಆಮ್‌ಸ್ಟರ್‌ಡ್ಯಾಮ್‌ನ 'ಡೆ ಪೈಪ್' ಬಡಾವಣೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ, ಕಿಕ್ಕಿರಿದ ದುಡಿಮೆಗಾರರ ಬಡಾವಣೆ ಅದು. ಕಿರಿದಾದ ಬೀದಿಗಳ ಎರಡೂ ಬದಿಗೆ ಕಾರುಗಳು ನಿಂತು, ಮಕ್ಕಳಿಗೆ ಆಡಲು ಜಾಗವೇ ಉಳಿದಿರಲಿಲ್ಲ. 1972ರಲ್ಲಿ ಅಲ್ಲಿಯ ಶಾಲೆಯ ಮಕ್ಕಳೇ ತಮ್ಮ ಬೀದಿಯನ್ನು ಆಟದ ಬೀದಿಯನ್ನಾಗಿ ಮಾಡಬೇಕೆಂದು ಕೇಳಿದರು. ಕೆಲವು ಹೊತ್ತು ರಸ್ತೆಯನ್ನು ಅಡ್ಡಗಟ್ಟಿಯೂ ತೋರಿಸಿದರು. ಸಿಟ್ಟಾದ ಚಾಲಕರು ಅವರೊಂದಿಗೆ ಜಗಳಕ್ಕೆ ಬಂದದ್ದು ಅದೇ ವರ್ಷ ದೂರದರ್ಶನಕ್ಕಾಗಿ ತೆಗೆದ ಚಿತ್ರದಲ್ಲಿ ದಾಖಲಾಗಿದೆ.

ವೇಗದ ವರ್ಗ

ಆ ಮಕ್ಕಳ ಬೇಡಿಕೆಯ ಹಿಂದಿರುವ ಭೌತವಿಜ್ಞಾನವನ್ನು ಗಮನಿಸಿ. 1,000 ಕಿ.ಗ್ರಾಂ. ತೂಗುವ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನ ಶಕ್ತಿ ಸುಮಾರು 96,000 ಜೌಲ್. ಗಂಟೆಗೆ 15 ಕಿ.ಮೀ. ವೇಗದ ನಮ್ಮ ಸೈಕಲ್ ಸವಾರನದು ಸುಮಾರು 780 ಜೌಲ್. ಅನುಪಾತ 120ಕ್ಕೂ ಹೆಚ್ಚು. ಇಬ್ಬರನ್ನೂ ಒಂದೇ ರಸ್ತೆಯಲ್ಲಿ ಬಿಟ್ಟು ಇಬ್ಬರಿಗೂ "ಎಚ್ಚರವಾಗಿರಿ" ಎಂದು ಹೇಳುವುದು ಸಮಾನತೆಯಂತೆ ಕಂಡೀತು, ಆದರೆ ಅಲ್ಲ.

ಕಾರಿನ ವೇಗವನ್ನು 30 ಕಿ.ಮೀ.ಗೆ ಇಳಿಸಿದರೆ ಅದರ ಶಕ್ತಿ 36 ಶೇಕಡಕ್ಕೆ ಕುಸಿಯುತ್ತದೆ. ನಿಲ್ಲುವ ದೂರವನ್ನೂ ನೋಡಿ. ಅಪಾಯ ಕಂಡ ಚಾಲಕ ಬ್ರೇಕ್ ಒತ್ತಲು 1 ಸೆಕೆಂಡ್ ಬೇಕೆನ್ನೋಣ. ಬ್ರೇಕಿನ ವೇಗನಾಶ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರ್. 30 ಕಿ.ಮೀ. ವೇಗದ ಕಾರು ಒಟ್ಟು ಸುಮಾರು 13.3 ಮೀಟರಿನಲ್ಲಿ ನಿಂತುಬಿಡುತ್ತದೆ. 50 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲೇ 13.9 ಮೀಟರ್ ಸಾಗಿರುತ್ತದೆ. ಎಂದರೆ, ಮೊದಲ ಕಾರು ಪೂರ್ತಿ ನಿಂತ ಜಾಗದಲ್ಲಿ ಎರಡನೆಯ ಕಾರಿನ ಬ್ರೇಕ್ ಇನ್ನೂ ಹಿಡಿದೇ ಇಲ್ಲ. ಚೆಂಡಿನ ಹಿಂದೆ ಓಡಿ ಬಂದ ಮಗು ಉಳಿಯುವುದೋ ಇಲ್ಲವೋ ಎಂಬುದು ಈ ವ್ಯತ್ಯಾಸದಲ್ಲಿದೆ. ಆಮ್‌ಸ್ಟರ್‌ಡ್ಯಾಮ್ ನಗರ 2023ರ ಡಿಸೆಂಬರಿನಲ್ಲಿ ತನ್ನ ಬಹುಪಾಲು ರಸ್ತೆಗಳಿಗೆ 30 ಕಿ.ಮೀ. ಮಿತಿ ವಿಧಿಸಿತು. ಲೆಕ್ಕ ಹಳೆಯದು, ಒಪ್ಪಿಗೆ ಸಿಗಲು ದಶಕಗಳು ಬೇಕಾದವು.

ಕಾರಿಲ್ಲದ ಭಾನುವಾರಗಳು

1973ರ ಅಕ್ಟೋಬರಿನ ತೈಲ ಬಿಕ್ಕಟ್ಟು ಚಳವಳಿಗೆ ಅನಿರೀಕ್ಷಿತ ನೆರವು ನೀಡಿತು. ಪೆಟ್ರೋಲ್ ಉಳಿಸಲು ಸರ್ಕಾರ 1973ರ ನವೆಂಬರ್ 4ರಿಂದ ಭಾನುವಾರಗಳಲ್ಲಿ ಕಾರು ಓಡಿಸುವುದನ್ನು ನಿಷೇಧಿಸಿತು. ಹೆದ್ದಾರಿಗಳ ಮೇಲೆ ಜನ ಸೈಕಲ್ ತುಳಿದರು, ಮಕ್ಕಳು ಚಕ್ರದ ಬೂಟು ಹಾಕಿ ಆಡಿದರು. ಕೆಲವೇ ವಾರಗಳ ಮಟ್ಟಿಗಾದರೂ, ಕಾರಿಲ್ಲದ ಬೀದಿ ಹೇಗಿರುತ್ತದೆಂದು ಇಡೀ ದೇಶ ಕಣ್ಣಾರೆ ಕಂಡಿತು. ಪ್ರಯೋಗಶಾಲೆಯಲ್ಲಿ ಮಾಡಲಾಗದ ಪ್ರಯೋಗ ಅದು!

1975ರ ಮಾರ್ಚಿನಲ್ಲಿ ನ್ಯೂಮಾರ್ಕ್ಟ್ ಬಡಾವಣೆಯಲ್ಲಿ ಮೆಟ್ರೋಗಾಗಿ ಮನೆ ಕೆಡವುವುದನ್ನು ವಿರೋಧಿಸಿದವರಿಗೂ ಪೊಲೀಸರಿಗೂ ಘರ್ಷಣೆಯಾಯಿತು. ಮೆಟ್ರೋ ಬಂದಿತು, ಆದರೆ ಅದೇ ಜಾಗದಲ್ಲಿ ಯೋಚಿಸಿದ್ದ ಅಗಲ ರಸ್ತೆ ಬರಲಿಲ್ಲ. ಅದೇ ವರ್ಷ ಸೈಕಲ್ ಸವಾರರು ಹೊಸ ಸಂಘ ಕಟ್ಟಿ, 'ನಿಜವಾದ' ಸವಾರರ ಸಂಘ ಎಂದು ಅದಕ್ಕೆ ಹೆಸರಿಟ್ಟರು. ಹಳೆಯ ಎ.ಎನ್.ಡಬ್ಲ್ಯು.ಬಿ. ಈ ಹೆಸರಿಗೆ ಆಕ್ಷೇಪಿಸಿದ್ದರಿಂದ ಮುಂದೆ ಅದು ಬದಲಾಯಿತು. ಇಂದಿನ 'ಫೀಟ್ಸರ್ಸ್‌ಬಾಂಡ್' ಅದೇ ಸಂಘ. ಅದರ ಸದಸ್ಯರು ಪ್ರತಿಭಟನೆಗೆ ನಿಲ್ಲದೆ ಅಪಾಯದ ತಿರುವುಗಳನ್ನು ಪಟ್ಟಿ ಮಾಡಿದರು, ನಕಾಶೆ ಬರೆದರು, ಎಂಜಿನಿಯರುಗಳ ಮುಂದೆ ಪರಿಹಾರ ಇಟ್ಟರು. 1978ರ ನಗರಸಭಾ ಚುನಾವಣೆಯ ನಂತರ ಸಂಚಾರ ಖಾತೆ ವಹಿಸಿಕೊಂಡ ಮಿಖೇಲ್ ಫಾನ್ ಡೆರ್ ಫ್ಲಿಸ್‌ನ ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ನೀತಿ ಕಾರಿನಿಂದ ಸೈಕಲ್ ಕಡೆಗೆ ತಿರುಗಿತು.

ಬಿಡಿ ದಾರಿಯಲ್ಲ, ಜಾಲ

ಸರ್ಕಾರ 1970ರ ದಶಕದ ನಡುವೆ ದಿ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಮಾದರಿ ಸೈಕಲ್ ಹಾದಿಗಳನ್ನು ಕಟ್ಟಿಸಿತು. ಹಾದಿಗಳು ಸೊಗಸಾಗಿದ್ದವು, ಆದರೆ ನಗರದಲ್ಲಿ ಒಟ್ಟು ಸೈಕಲ್ ಬಳಕೆ ನಿರೀಕ್ಷಿಸಿದಷ್ಟು ಏರಲಿಲ್ಲ. ಅನಂತರ ಡೆಲ್ಫ್ಟ್ ನಗರದಲ್ಲಿ ಬೇರೆ ದಾರಿ ಹಿಡಿದರು. ಒಂದು ಭವ್ಯ ಹಾದಿಯ ಬದಲು, ಬಡಾವಣೆಯ ಸಣ್ಣ ಓಣಿಯಿಂದ ನಗರದ ಮುಖ್ಯ ಹಾದಿಯವರೆಗೆ ಎಲ್ಲವನ್ನೂ ಜೋಡಿಸಿ, ಕಡಿದ ತುಂಡುಗಳನ್ನು ಸೇರಿಸಿದರು. ಅಲ್ಲಿ ಬಳಕೆ ಏರಿತು.

ವಿದ್ಯುತ್ ಮಂಡಲ ಕಲಿತವರಿಗೆ ಇದು ಆಶ್ಚರ್ಯವಲ್ಲ. ತಂತಿ ಎಷ್ಟೇ ದಪ್ಪವಿರಲಿ, ಒಂದು ಕಡೆ ಕಡಿದಿದ್ದರೆ ಪ್ರವಾಹ ಸೊನ್ನೆ. ಶಾಲೆಯ ದಾರಿಯಲ್ಲಿ ಒಂದೇ ಒಂದು ಅಪಾಯದ ವೃತ್ತವಿದ್ದರೂ ತಾಯಿ ಮಗುವನ್ನು ಸೈಕಲ್ ಮೇಲೆ ಕಳಿಸುವುದಿಲ್ಲ.

ಕಾನೂನೂ ಬದಲಾಯಿತು. ಕಾರು ನಡೆಯುವವರ ವೇಗದಲ್ಲೇ ಸಾಗಬೇಕಾದ ವಾಸದ ಬೀದಿಗಳಿಗೆ 1976ರಲ್ಲಿ ಮಾನ್ಯತೆ ದೊರೆಯಿತು. 1994ರ ಸಂಚಾರ ಕಾಯಿದೆಯ 185ನೇ ವಿಧಿಯ ಪ್ರಕಾರ, ಮೋಟಾರು ವಾಹನ ಸೈಕಲ್ ಸವಾರನಿಗೆ ಅಥವಾ ಪಾದಚಾರಿಗೆ ಹಾನಿ ಮಾಡಿದರೆ ಪರಿಹಾರದ ಹೊಣೆ ಮುಖ್ಯವಾಗಿ ವಾಹನದ ಕಡೆಯವರದು. ಹೆಚ್ಚು ಶಕ್ತಿ ಇರುವವನಿಗೆ ಹೆಚ್ಚು ಹೊಣೆ ಎಂಬ ತತ್ತ್ವ ಇದು. ಶಾಲೆಗಳು ಪ್ರಾಥಮಿಕ ಹಂತದ ಕೊನೆಯ ವರ್ಷಗಳಲ್ಲಿ ಮಕ್ಕಳಿಗೆ ಬರಹದ ಸಂಚಾರ ಪರೀಕ್ಷೆಯೊಂದಿಗೆ ರಸ್ತೆಯಲ್ಲೇ ಸೈಕಲ್ ಪರೀಕ್ಷೆಯನ್ನೂ ನಡೆಸುತ್ತವೆ.

ಫಲವೇನು? 1971ರಲ್ಲಿ 400 ದಾಟಿದ್ದ ಮಕ್ಕಳ ಸಾವು 2010ರಲ್ಲಿ 14ಕ್ಕೆ ಇಳಿದಿತ್ತು. ಇದರಲ್ಲಿ ಸುಧಾರಿತ ಕಾರು, ಸೀಟು ಪಟ್ಟಿ, ವೈದ್ಯಕೀಯಗಳ ಪಾಲೂ ಇದೆ. ಸಮಸ್ಯೆ ಪೂರ್ತಿ ಮುಗಿದಿಲ್ಲ ಎಂಬುದನ್ನೂ ಹೇಳಬೇಕು. 2017ರಲ್ಲಿ ಅಲ್ಲಿ ಕಾರಿನಲ್ಲಿದ್ದವರಿಗಿಂತ ಸೈಕಲ್ ಸವಾರರೇ ಹೆಚ್ಚು ಸತ್ತರು. ಅವರಲ್ಲಿ ಬಹಳ ಮಂದಿ ವೃದ್ಧರು.

ಮೈಸೂರಿನವರೆಗೆ

ಪೊಲೀಸರು ಎತ್ತಿಕೊಂಡು ಹೋದ ಬಿಳಿ ಸೈಕಲ್ ಏನಾಯಿತು? ಅದರ ಕಲ್ಪನೆ ಸಾಯಲಿಲ್ಲ. ಕೋಪನ್‌ಹೇಗನ್ 1995ರಲ್ಲಿ ನಾಣ್ಯ ಹಾಕಿ ಒಯ್ಯುವ ಸೈಕಲ್‌ಗಳನ್ನು ಬೀದಿಗಿಟ್ಟಿತು. ಪ್ಯಾರಿಸ್ 2007ರಲ್ಲಿ ಸಾವಿರಾರು ಸೈಕಲ್‌ಗಳ 'ವೆಲಿಬ್' ಆರಂಭಿಸಿತು. 2017ರ ಜೂನ್‌ನಲ್ಲಿ ನಮ್ಮ ಮೈಸೂರಿನಲ್ಲಿ 450 ಸೈಕಲ್ ಮತ್ತು 48 ನಿಲ್ದಾಣಗಳೊಂದಿಗೆ ಶುರುವಾದ 'ಟ್ರಿಣ್ ಟ್ರಿಣ್' ಕೂಡ ಇದೇ ವಂಶದ್ದು. ಬೀಗ, ಕಾರ್ಡು, ಗಣಕಗಳು ಸೇರಿ ಹಳೆಯ ಕನಸನ್ನು ನಡೆಸಬಲ್ಲ ವ್ಯವಸ್ಥೆಯನ್ನಾಗಿ ಮಾಡಿವೆ. ಆದರೆ ಹಂಚಿಕೊಳ್ಳುವ ಸೈಕಲ್ ಅರ್ಧ ಕೆಲಸ ಮಾತ್ರ. ಅದನ್ನು ನಿರ್ಭಯವಾಗಿ ತುಳಿಯಬಲ್ಲ ದಾರಿ ಇನ್ನರ್ಧ. ಆಮ್‌ಸ್ಟರ್‌ಡ್ಯಾಮ್‌ನ ಇತಿಹಾಸದ ಬಹುಭಾಗ ಈ ಇನ್ನರ್ಧಕ್ಕಾಗಿ ನಡೆದದ್ದು.

ನೆಲದ ಇಳಿಜಾರು ಪ್ರಕೃತಿ ಕೊಟ್ಟದ್ದು. ವಾಹನದ ವೇಗ, ರಸ್ತೆಯ ಅಗಲ, ವೃತ್ತದ ವಿನ್ಯಾಸ ನಾವು ಕೊಟ್ಟದ್ದು, ಬದಲಿಸಲು ಬರುವಂಥದ್ದು. ಶಿಕ್ಷಕರು ಇದನ್ನೇ ಒಂದು ಚಟುವಟಿಕೆಯಾಗಿ ಮಾಡಿಸಬಹುದು. ವಿದ್ಯಾರ್ಥಿಗಳು ಮನೆಯಿಂದ ಶಾಲೆಯವರೆಗಿನ ದಾರಿಯ ನಕಾಶೆ ಬರೆಯಲಿ. ಪಾದಚಾರಿ ಹಾದಿಯ ಮೇಲೆ ದೊಡ್ಡವರೊಂದಿಗೆ ನಿಂತು, 50 ಮೀಟರ್ ಗುರುತು ಮಾಡಿ, ವಾಹನಗಳು ಅದನ್ನು ದಾಟುವ ಸಮಯವನ್ನು ಅಳೆದು ವೇಗ ಲೆಕ್ಕ ಹಾಕಲಿ. ಯಾವ ವೃತ್ತದಲ್ಲಿ ಮಂಡಲ ಕಡಿಯುತ್ತದೆಂದು ಗುರುತಿಸಲಿ. ಆ ನಕಾಶೆಯನ್ನು ಸ್ಥಳೀಯ ಆಡಳಿತದ ಮುಂದಿಡಲಿ. ಡೆ ಪೈಪ್‌ನ ಮಕ್ಕಳು ಶುರುಮಾಡಿದ್ದೂ ತಮ್ಮ ಒಂದು ಬೀದಿಯಿಂದಲೇ.