ದಾಸ್ತಾನಿಲ್ಲದ ವ್ಯಾಪಾರದಲ್ಲಿ ಮಾರಿದವರು ಯಾರು? ಸಾಲಿಗ್ರಾಮ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ವಿಚಾರಣೆ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಭಾಗದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲು ಕಣ್ಣೆದುರಿಗಿರುತ್ತದೆ. ಬೆಳೆದ ರೈತನ ಹೆಸರು ತಂಬಾಕು ಮಂಡಳಿಯ ದಾಖಲೆಯಲ್ಲಿರುತ್ತದೆ, ಕೊಳ್ಳುವ ಕಂಪನಿಯವರು ಎಲೆಯನ್ನು ನೋಡಿ ಬೆಲೆ ಕಟ್ಟುತ್ತಾರೆ. 1976ರಲ್ಲಿ ಮಂಡಳಿ ಸ್ಥಾಪನೆಯಾಗಿ, 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾದಂದಿನಿಂದ ಈ ಸೀಮೆಯ ಜನಕ್ಕೆ ಸರಕು, ಸರಕಿನ ಒಡೆಯ, ಬೆಲೆ ಮೂರೂ ಒಂದೇ ಕಡೆ ಸಿಗುವ ವ್ಯವಹಾರ ಚೆನ್ನಾಗಿ ಗೊತ್ತು. ಬೆಲೆಯ ಬಗ್ಗೆ ಜಗಳಗಳಾಗಿವೆ, ಹರಾಜು ನಿಂತದ್ದೂ ಉಂಟು. ಆದರೆ ‘ಇದು ಯಾರ ಮಾಲು’ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಈಚೆಗೆ ಕೃಷ್ಣರಾಜನಗರದಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಸಾಲಿಗ್ರಾಮದಂಥ ಊರಿನಲ್ಲಿ ಇಂದು ನಡೆಯಬಲ್ಲ ಇನ್ನೊಂದು ಬಗೆಯ ವ್ಯಾಪಾರದಲ್ಲಿ ಈ ಮೂರೂ ಚದುರಿಹೋಗಿವೆ. ಮನೆಯಲ್ಲೇ ಇರುವ ಹೆಣ್ಣುಮಗಳೊಬ್ಬಳು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಸೀರೆಯ ಫೋಟೊ ಹಾಕುತ್ತಾಳೆ, ಸ್ವಸಹಾಯ ಸಂಘದ ಗೆಳತಿಯರು ಆರ್ಡರ್ ಕೊಡುತ್ತಾರೆ. ಸೀರೆ ಮಾತ್ರ ಸೂರತ್ತಿನ ಗೋದಾಮಿನಿಂದ ಹೊರಟು ನೇರವಾಗಿ ಕೊಂಡವರ ಬಾಗಿಲಿಗೆ ಬರುತ್ತದೆ. ಮಾರಿದವಳು ಅದನ್ನು ಮುಟ್ಟಿರುವುದಿಲ್ಲ, ನೋಡಿಯೂ ಇರುವುದಿಲ್ಲ. ಸ್ವಂತ ವೆಬ್‌ಸೈಟ್ ಕಟ್ಟಿ ಇದನ್ನೇ ಮಾಡಿದರೆ ಡ್ರಾಪ್‌ಶಿಪ್ಪಿಂಗ್ ಎನ್ನುತ್ತಾರೆ, ಫೋನಿನ ಆ್ಯಪ್ ಮೂಲಕ ಮಾಡಿದರೆ ರೀಸೆಲ್ಲಿಂಗ್. ಈ ವ್ಯಾಪಾರದಲ್ಲಿ ಮಾರಿದವರು ಯಾರೆಂಬ ಪ್ರಶ್ನೆಗೆ ಕಾನೂನು ಕೊಡುವ ಉತ್ತರವನ್ನೂ ಊರು ಕೊಡುವ ಉತ್ತರವನ್ನೂ ಎದುರುಬದುರು ಇಟ್ಟು ನೋಡುವುದು ಈ ಲೇಖನದ ಉದ್ದೇಶ. ಪೂರೈಕೆದಾರನ ಹೆಸರನ್ನು ಮುಚ್ಚಿಡುವುದರಿಂದಲೇ ಇಲ್ಲಿ ಲಾಭ ಹುಟ್ಟುತ್ತದೆ, ಹೊಣೆಯನ್ನು ಮಾರುವವಳ ತಲೆಗೆ ಕಟ್ಟುವುದೂ ಆ ಮುಚ್ಚುಮರೆಯೇ ಎಂಬುದು ನನ್ನ ವಾದ.

ಕಾಣದ ಮಾಲಿಗೆ ಬಾಗಿಲಲ್ಲಿ ಹಣ ಕೊಡುವುದು ನಮಗೆ ಹೊಸದಲ್ಲ. ಅಂಚೆ ಇಲಾಖೆ ವಿ.ಪಿ.ಪಿ. ಪದ್ಧತಿಯನ್ನು ತಂದದ್ದು 1877ರಲ್ಲಿ. ಪುಸ್ತಕ, ಔಷಧಿ, ಗಡಿಯಾರಗಳನ್ನು ಹಳ್ಳಿಯವರು ವಿ.ಪಿ.ಯಲ್ಲಿ ತರಿಸಿಕೊಂಡರು. ಆದರೆ ಆ ಕಟ್ಟಿನ ಮೇಲೆ ಕಳಿಸಿದವನ ಹೆಸರು, ವಿಳಾಸ ಇರುತ್ತಿತ್ತು. ಮೋಸವಾದರೆ ಕಾಗದ ಬರೆಯಲು ಒಂದು ವಿಳಾಸವಿತ್ತು. ಡ್ರಾಪ್‌ಶಿಪ್ಪಿಂಗ್‌ನಲ್ಲಿ ಪೂರೈಕೆದಾರನಿಗೆ ಕೊಡುವ ಮೊದಲ ಸೂಚನೆಯೇ ಬೇರೆ: ನಿನ್ನ ಬಿಲ್ಲು, ನಿನ್ನ ಚೀಟಿ ಪೊಟ್ಟಣದಲ್ಲಿ ಇರಬಾರದು. ಇದ್ದರೆ ಗಿರಾಕಿ ಮುಂದಿನ ಸಲ ನೇರವಾಗಿ ಅಲ್ಲಿಗೇ ಹೋಗುತ್ತಾನೆ.

ಭಾರತದಲ್ಲಿ ಈ ವ್ಯಾಪಾರ ಈಗಿನ ರೂಪ ಪಡೆದದ್ದರ ಹಿಂದೆ ಸರ್ಕಾರದ ಕೆಲವು ತೀರ್ಮಾನಗಳಿವೆ. ಅಮೆರಿಕ, ಯುರೋಪುಗಳಲ್ಲಿ ಡ್ರಾಪ್‌ಶಿಪ್ಪಿಂಗ್ ಬೆಳೆದದ್ದು ಬಹುಪಾಲು ಚೀನಾದ ಅಲಿಎಕ್ಸ್‌ಪ್ರೆಸ್ ಪೂರೈಕೆದಾರರನ್ನು ನೆಚ್ಚಿಕೊಂಡು. ನಮ್ಮಲ್ಲಿ 2019ರ ಡಿಸೆಂಬರ್‌ನಲ್ಲಿ ವಿದೇಶದಿಂದ ಉಡುಗೊರೆಯೆಂದು ಸುಂಕವಿಲ್ಲದೆ ತರಿಸುವ ದಾರಿ ರಾಖಿಯಂಥ ವಿನಾಯಿತಿ ಬಿಟ್ಟು ಮುಚ್ಚಿತು. 2020ರ ಜೂನ್‌ನಲ್ಲಿ ಚೀನಾದ್ದೇ ಇನ್ನೊಂದು ಆ್ಯಪ್ ಆದ ಕ್ಲಬ್ ಫ್ಯಾಕ್ಟರಿಯೂ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ಸೂ ನಿಷೇಧಗೊಂಡವು. ಚೀನಾದ ಜಾಗಕ್ಕೆ ಸೂರತ್ತಿನ ಸಿಂಥೆಟಿಕ್ ಸೀರೆ, ತಿರುಪ್ಪೂರಿನ ಹೆಣಿಗೆ ಬಟ್ಟೆ ಬಂದವು. ಅವನ್ನು ಸಣ್ಣ ಊರುಗಳಿಗೆ ಮುಟ್ಟಿಸುವ ಯಂತ್ರ ತಯಾರಾದದ್ದು ಬೆಂಗಳೂರಿನಲ್ಲಿ. ವಿದಿತ್ ಆತ್ರೇಯ್ ಮತ್ತು ಸಂಜೀವ್ ಬರ್ನ್‌ವಾಲ್ 2015ರಲ್ಲಿ ಶುರುಮಾಡಿದ ಮೀಶೋ, ಆಮೇಲೆ ಬಂದು 2022ರಲ್ಲಿ ಅಮೆಜಾನ್ ಕೊಂಡ ಗ್ಲೋರೋಡ್, ಎರಡೂ ಗೃಹಿಣಿಯರ ಪರಿಚಯದ ಬಳಗವನ್ನೇ ಅಂಗಡಿಯಾಗಿ ಕಂಡವು. ಸ್ತ್ರೀಶಕ್ತಿ, ಧರ್ಮಸ್ಥಳ ಸಂಘಗಳಲ್ಲಿ ವಾರವಾರ ಸೇರುವ, ಒಬ್ಬರ ಕಂತಿಗೆ ಇನ್ನೊಬ್ಬರು ಹೊಣೆ ನಿಲ್ಲುವ ಹೆಂಗಸರಿರುವ ನಮ್ಮ ಹಳ್ಳಿಗಳಲ್ಲಿ ಅಂಥ ಬಳಗ ಮೊದಲೇ ಸಿದ್ಧವಾಗಿತ್ತು.

‘ಬಂಡವಾಳ ಬೇಡ’ ಎಂಬ ಪ್ರಚಾರವನ್ನು ಲೆಕ್ಕ ಹಾಕಿಯೇ ಪರೀಕ್ಷಿಸಬೇಕು. ಸ್ವಂತ ವೆಬ್‌ಸೈಟ್ ಇಟ್ಟವಳೊಬ್ಬಳು ಸೀರೆಯನ್ನು 450 ರೂಪಾಯಿಗೆ ತೆಗೆದು 600ಕ್ಕೆ ಮಾರುತ್ತಾಳೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಕೊರಿಯರ್ ಹೋಗಲು 80, ವಾಪಸು ಬರಲು 80. ಹತ್ತು ಆರ್ಡರ್ ಕ್ಯಾಶ್ ಆನ್ ಡೆಲಿವರಿಯಲ್ಲಿ ಹೋಗಿ ಮೂರು ತಿರುಗಿ ಬಂದರೆ ಏಳರ ಮಾರ್ಜಿನ್ 1,050, ಸಾಗಣೆಯ ಖರ್ಚು 1,040. ಉಳಿದದ್ದು ಹತ್ತು ರೂಪಾಯಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನ ದುಡ್ಡು ಇದರಲ್ಲಿ ಸೇರಿಲ್ಲ. ಮರಳಿ ಬಂದ ಮೂರರಲ್ಲಿ ಒಂದನ್ನು ಪೂರೈಕೆದಾರ ತೆಗೆದುಕೊಳ್ಳದಿದ್ದರೂ 450 ಮುಳುಗುತ್ತದೆ. ಮೇಲಾಗಿ ಪೂರೈಕೆದಾರನಿಗೆ ಮುಂಗಡ ಕೊಡಬೇಕು, ಕೊರಿಯರ್‌ನವರು ವಸೂಲಿಯಾದ ಹಣವನ್ನು ಕೆಲವು ದಿನ ಬಿಟ್ಟು ಕೊಡುತ್ತಾರೆ. ಆ ನಡುವಿನ ದಿನಗಳನ್ನು ತುಂಬುವ ಹಣ ಬಂಡವಾಳವಲ್ಲದೆ ಮತ್ತೇನು? ದಾಸ್ತಾನಿನ ಅಪಾಯ ಹೋಗಿದೆ ನಿಜ. ಆ ಜಾಗಕ್ಕೆ ವಾಪಸಾತಿಯ ಅಪಾಯ ಬಂದು ಕೂತಿದೆ.

ಇನ್ನು ಕಾನೂನು. ಕೈಯಲ್ಲಿಲ್ಲದ ಮಾಲನ್ನು ಮಾರುವುದು ತಪ್ಪಲ್ಲ. 1930ರ ಸರಕು ಮಾರಾಟ ಅಧಿನಿಯಮದ 6ನೇ ಕಲಂ ಮುಂದೆ ಸಂಪಾದಿಸಲಿರುವ ಸರಕಿನ ಕರಾರಿಗೂ ಒಪ್ಪಿಗೆ ಕೊಡುತ್ತದೆ. ಆದರೆ ವಿವರಣೆ ಕೊಟ್ಟು ಮಾರಿದರೆ ಸರಕು ಆ ವಿವರಣೆಗೆ ಹೊಂದಲೇಬೇಕು ಎಂದು 15ನೇ ಕಲಂ ಹೇಳುತ್ತದೆ. ಸ್ಟೇಟಸ್‌ನ ಫೋಟೊ, ಅದರ ಕೆಳಗೆ ಪೂರೈಕೆದಾರನಿಂದ ನಕಲು ಮಾಡಿ ಹಾಕಿದ ನಾಲ್ಕು ಸಾಲು, ಇವೇ ಆ ವಿವರಣೆ. ನಮ್ಮ ಜಿಲ್ಲೆಯವರು ಇಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ‘ಮೈಸೂರು ಸಿಲ್ಕ್’ ಭೌಗೋಳಿಕ ಸೂಚಿಕೆಯ ನೋಂದಣಿ ಪಡೆದ ಹೆಸರು. ಸಿಂಥೆಟಿಕ್ ಸೀರೆಗೆ ಸೂರತ್ತಿನಲ್ಲಿ ಯಾರೋ ಆ ಹೆಸರಿಟ್ಟಿದ್ದನ್ನು ಹಾಗೆಯೇ ಮುಂದೆ ಕಳಿಸಿದರೆ ಸುಳ್ಳು ಸೂಚಿಕೆಯ ಸರಕು ಮಾರಿದ ಅಪರಾಧ ಕಳಿಸಿದವಳಿಗೂ ತಟ್ಟಬಹುದು. ತಕ್ಕ ಎಚ್ಚರಿಕೆ ವಹಿಸಿದ್ದೆ, ಮಾಲು ಕೊಟ್ಟವರು ಇಂಥವರು ಎಂದು ಆಕೆ ತೋರಿಸಿದರೆ ಪಾರಾಗುವ ದಾರಿಯುಂಟು. ಅಂದರೆ ಪೂರೈಕೆದಾರನ ಹೆಸರೇ ಆಕೆಯ ರಕ್ಷಣೆ.

ಇದೇ ತರ್ಕ ಬೇರೆ ಕಾಯಿದೆಗಳಲ್ಲೂ ಇದೆ. 1872ರ ಕರಾರು ಅಧಿನಿಯಮದ 230ನೇ ಕಲಂ ಪ್ರಕಾರ ಏಜೆಂಟನು ಸಾಮಾನ್ಯವಾಗಿ ವೈಯಕ್ತಿಕ ಹೊಣೆಗಾರನಲ್ಲ. ಆದರೆ ತನ್ನ ಯಜಮಾನನ ಹೆಸರು ಹೇಳದಿದ್ದರೆ ತಾನೇ ಹೊಣೆ ಎಂದು ಭಾವಿಸಲಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 86ನೇ ಕಲಂ, ತಯಾರಕ ಯಾರೆಂದು ತಿಳಿಯದಿದ್ದಾಗ ಉತ್ಪನ್ನದಿಂದಾದ ಹಾನಿಗೆ ಮಾರಿದವರನ್ನೇ ಹಿಡಿಯುತ್ತದೆ. ಗ್ರಾಹಕರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ ಸಾಲಿಗ್ರಾಮದವರ ದೂರು ಮೈಸೂರಿನ ಆಯೋಗಕ್ಕೆ ಹೋಗುತ್ತದೆ. ಅಲ್ಲಿಗೆ ಸೂರತ್ತಿನವನನ್ನು ಕರೆಸುವುದಕ್ಕಿಂತ ಪಕ್ಕದ ಬೀದಿಯವಳನ್ನು ಕರೆಸುವುದು ಸುಲಭ.

ತೆರಿಗೆಯ ಕಣ್ಣಿಗೆ ಈ ವ್ಯಾಪಾರ ಕಾಣುವ ರೀತಿ ಬೇರೆ. ಮಾರುವವಳು ಸ್ವಂತ ಹೆಸರಲ್ಲಿ ಕೊಂಡು ಮಾರಿದರೆ ಸರಕು ಒಂದೇ ಸಲ ಸಾಗಿದರೂ ಮಾರಾಟ ಎರಡು. ಐಜಿಎಸ್‌ಟಿ ಅಧಿನಿಯಮದ 10(1)(ಬಿ) ಕಲಂ ಪ್ರಕಾರ ಸೂರತ್ತಿನವನ ಪೂರೈಕೆ ಸಂದದ್ದು ಆಕೆಯ ವ್ಯಾಪಾರದ ಸ್ಥಳಕ್ಕೆ. ಅಲ್ಲಿಂದ ಗಿರಾಕಿಗೆ ಹೋದದ್ದು ಎರಡನೆಯ ಪೂರೈಕೆ. ಗಿರಾಕಿ ಹುಣಸೂರಿನಲ್ಲಿದ್ದರೆ ಅದು ರಾಜ್ಯದೊಳಗಿನದು. ವಹಿವಾಟು 40 ಲಕ್ಷ ದಾಟುವತನಕ ನೋಂದಣಿ ಬೇಡ, 2023ರ ಅಕ್ಟೋಬರ್ 1ರಿಂದ ಇ-ವಾಣಿಜ್ಯ ವೇದಿಕೆಯ ಮೂಲಕ ರಾಜ್ಯದೊಳಗೆ ಮಾರುವ ಸಣ್ಣವರಿಗೂ ಷರತ್ತಿನ ಮೇಲೆ ಈ ವಿನಾಯಿತಿ ಸಿಕ್ಕಿದೆ. ಆದರೆ ಎಚ್.ಡಿ. ಕೋಟೆಯವಳೊಬ್ಬಳು ಬಾವಲಿಯ ಆಚೆ ವಯನಾಡಿನಲ್ಲಿರುವ ನೆಂಟರಿಗೆ ಒಂದೇ ಒಂದು ಸೀರೆ ಮಾರಿದರೂ ಅದು ಅಂತರರಾಜ್ಯ ಪೂರೈಕೆ, ಮೊದಲ ರೂಪಾಯಿಗೇ ನೋಂದಣಿ ಕಡ್ಡಾಯ. ಗಡಿ ತಾಲ್ಲೂಕಿನ ಬಳಗ ಎರಡು ರಾಜ್ಯಗಳಲ್ಲಿ ಹರಡಿರುತ್ತದೆ ಎಂಬುದನ್ನು ಈ ಕಾಯಿದೆ ಲೆಕ್ಕಕ್ಕೆ ಹಿಡಿದಿಲ್ಲ. ಆ್ಯಪ್ ರೀಸೆಲ್ಲಿಂಗ್‌ನಲ್ಲಿ ಈ ತೊಡಕಿಲ್ಲ. ಅಲ್ಲಿ ಬಿಲ್ಲು ಪೂರೈಕೆದಾರನಿಂದ ಗಿರಾಕಿಗೆ, ಆಕೆಗೆ ಸಿಗುವುದು ಮಾರ್ಜಿನ್ ಮಾತ್ರ. ಕಾಗದದ ಮೇಲೆ ಆಕೆ ಮಾರಾಟಗಾರ್ತಿಯೇ ಅಲ್ಲ. ಆದರೂ ಬಣ್ಣ ಬಿಟ್ಟ ಸೀರೆಯನ್ನು ಹಿಡಿದು ಗಿರಾಕಿ ಬರುವುದು ಆಕೆಯ ಮನೆಗೇ. ಊರಿನ ಉತ್ತರಕ್ಕೂ ಕಾಗದದ ಉತ್ತರಕ್ಕೂ ಇಲ್ಲಿರುವಷ್ಟು ಅಂತರ ಬೇರೆಲ್ಲೂ ಇಲ್ಲ.

ಸ್ವಂತ ವೆಬ್‌ಸೈಟ್‌ನವರ ಸ್ಥಿತಿ ಇನ್ನೂ ಅಸ್ಪಷ್ಟ. 2020ರ ಜುಲೈ 23ರಂದು ಹೊರಬಿದ್ದ ಇ-ವಾಣಿಜ್ಯ ನಿಯಮಗಳು ಎರಡೇ ಬಗೆಯ ಸಂಸ್ಥೆಗಳನ್ನು ಗುರುತಿಸುತ್ತವೆ: ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸುವ ಮಾರುಕಟ್ಟೆ ವೇದಿಕೆ, ಮತ್ತು ತನ್ನದೇ ದಾಸ್ತಾನನ್ನು ಮಾರುವ ಸಂಸ್ಥೆ. ಡ್ರಾಪ್‌ಶಿಪ್ಪಿಂಗ್ ಮಾಡುವವಳಿಗೆ ದಾಸ್ತಾನಿಲ್ಲ, ಬೇರೆ ಮಾರಾಟಗಾರರನ್ನು ಆಕೆ ತೋರಿಸುವುದೂ ಇಲ್ಲ. ಸ್ವಂತ ಹೆಸರಲ್ಲಿ ಬೆಲೆ ಕಟ್ಟಿ ಹಣ ಪಡೆಯುವ ಕಾರಣ ಆಕೆಯನ್ನು ಎರಡನೆಯ ಬಗೆಗೇ ಸೇರಿಸಬೇಕೆಂದು ನನಗನ್ನಿಸುತ್ತದೆ. ಜಿಎಸ್‌ಟಿಯ ಎರಡು ಮಾರಾಟಗಳ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಆದರೆ ನಿಯಮದ ಮಾತು ಹಾಗೆ ನೇರವಾಗಿಲ್ಲ.

ಹೆಸರು ಬಿಟ್ಟುಕೊಟ್ಟರೆ ಮಾರ್ಜಿನ್ ಹೋಗುತ್ತದೆ ಎಂಬ ಆತಂಕ ಹುರುಳಿಲ್ಲದ್ದಲ್ಲ. ಆದರೆ ಆ ಗುಟ್ಟು ಹೆಚ್ಚು ದಿನ ಉಳಿಯುವಂಥದ್ದೂ ಅಲ್ಲ. ಮೀಶೋ 2021ರ ಹೊತ್ತಿಗೆ ನೇರವಾಗಿ ಗ್ರಾಹಕರಿಗೇ ಮಾರುವತ್ತ ಹೊರಳಿತು. ಅದೇ ಫೋಟೊ, ಅದಕ್ಕಿಂತ ಕಡಿಮೆ ಬೆಲೆ ಈಗ ಗಿರಾಕಿಯ ಫೋನಿನಲ್ಲೇ ಸಿಗಬಹುದು. ಸೂರತ್ತಿನಿಂದ ಮಾಡಲಾಗದ್ದು ಮಾತ್ರ ಇಲ್ಲಿ ಉಳಿಯುತ್ತದೆ: ಒಂದೊಂದು ಮಾದರಿಯನ್ನು ತರಿಸಿ ಒಗೆದು ನೋಡುವುದು, ಅಳತೆ ಹೊಂದದ್ದನ್ನು ಬದಲಾಯಿಸಿಕೊಡುವುದು, ವಾಪಸು ಕಳಿಸಲು ಬಾರದವರಿಗೆ ಕಳಿಸಿಕೊಡುವುದು. ಇದು ಸೇವೆ, ಇದಕ್ಕೆ ಕೂಲಿಯನ್ನು ಬಹಿರಂಗವಾಗಿ ಕೇಳಬಹುದು. ಎಪಿಎಂಸಿ ಮಂಡಿಯಲ್ಲಿ ಲೈಸೆನ್ಸ್ ಇಟ್ಟುಕೊಂಡ ದಲ್ಲಾಳಿ ತನ್ನ ಕಮಿಷನ್ನನ್ನು ಬಚ್ಚಿಡದೆ ಚೀಟಿಯಲ್ಲೇ ಬರೆಯುತ್ತಾನಲ್ಲ.

ಆದ್ದರಿಂದ 2020ರ ನಿಯಮಗಳಿಗೆ ಮೂರನೆಯ ಬಗೆಯೊಂದನ್ನು ಸೇರಿಸಬೇಕು. ಮಾಲನ್ನು ಬೇರೆಯವರ ಗೋದಾಮಿನಿಂದ ನೇರವಾಗಿ ಕಳಿಸುವಾಗ ಪೊಟ್ಟಣದ ಮೇಲೂ ಬಿಲ್ಲಿನಲ್ಲೂ ಕಳಿಸಿದವರ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಇರಬೇಕು. ಮಾಲಿನ ದೋಷಕ್ಕೆ ಅವರನ್ನು ಮೊದಲ ಹೊಣೆಗಾರರೆಂದು ಹೇಳಬೇಕು. ವಿವರಣೆಯಲ್ಲಿ ಮಾರುವವಳು ತಾನಾಗಿ ಸೇರಿಸಿದ ಮಾತಿಗೆ ಮಾತ್ರ ಆಕೆ ಹೊಣೆಯಾಗಬೇಕು.