ದರಿಯಾಗಂಜ್‌ನ ಮಕ್ಕಳು, ಮುಲ್ಲರ್-ಲೈಯರ್ ಗೆರೆಗಳು

ಒಂದೇ ಉದ್ದದ ಎರಡು ಗೆರೆಗಳು. ಒಂದರ ತುದಿಯ ರೆಕ್ಕೆಗಳು ಒಳಕ್ಕೆ ಮಡಿಚಿವೆ, ಇನ್ನೊಂದರವು ಹೊರಕ್ಕೆ ಚಾಚಿವೆ. ಎರಡನೆಯದೇ ಉದ್ದ ಎನಿಸುತ್ತದೆ. 1889ರ ಈ ಮುಲ್ಲರ್-ಲೈಯರ್ ಚಿತ್ರಕ್ಕೆ ಮನೋವಿಜ್ಞಾನಿ ರಿಚರ್ಡ್ ಗ್ರೆಗರಿ 1963ರಲ್ಲಿ ಹೀಗೆ ಕಾರಣ ಕೊಟ್ಟರು: ಮಿದುಳು ರೆಕ್ಕೆಗಳನ್ನು ಗೋಡೆಯ ಮೂಲೆಗಳೆಂದು ಬಗೆದು, ದೂರದ್ದೆಂದು ತೋರಿದ ಗೆರೆಯನ್ನು ಹಿಗ್ಗಿಸುತ್ತದೆ. ಮೂಲೆ, ಅಂಚುಗಳ ನಡುವೆ ಬದುಕಿ ಬಂದ ರೂಢಿ ಇದು ಎಂದು ಹಲವರು ವಾದಿಸಿದರು. ನೀಲಗಿರಿಯ ತೋಡರು ಈ ಭ್ರಮೆಗೆ ಇಂಗ್ಲಿಷರಷ್ಟು ಒಳಗಾಗುವುದಿಲ್ಲವೆಂದು ಮಾನವಶಾಸ್ತ್ರಜ್ಞ ರಿವರ್ಸ್ 1905ರಲ್ಲೇ ದಾಖಲಿಸಿದ್ದು ಆ ವಾದಕ್ಕೆ ಒದಗಿತು.

ರೂಢಿಯೇ ಕಾರಣವಾದರೆ, ಈಗಷ್ಟೇ ಕಣ್ಣು ಬಂದವರು ಮೋಸಹೋಗಬಾರದು. 52ನೆಯ ವಯಸ್ಸಿನಲ್ಲಿ ದೃಷ್ಟಿ ಪಡೆದ ಸಿಡ್ನಿ ಬ್ರಾಡ್‌ಫೋರ್ಡ್‌ಗೆ ಭ್ರಮೆ ಕಡಿಮೆಯೇ ಇತ್ತು. ಆದರೆ ಅದು ಒಬ್ಬನ ಕತೆ. ದೆಹಲಿಯ ದರಿಯಾಗಂಜ್‌ನ ಡಾ. ಶ್ರಾಫ್ ಕಣ್ಣಾಸ್ಪತ್ರೆಯೊಂದಿಗೆ ನರವಿಜ್ಞಾನಿ ಪವನ್ ಸಿನ್ಹಾ ನಡೆಸುವ ‘ಪ್ರಕಾಶ್’ ಯೋಜನೆಯಲ್ಲಿ, ಹುಟ್ಟಿನಿಂದಲೇ ಪೊರೆ ಕಟ್ಟಿದ್ದ 8ರಿಂದ 16 ವರ್ಷದ ಒಂಬತ್ತು ಮಕ್ಕಳನ್ನು ಶಸ್ತ್ರಚಿಕಿತ್ಸೆಯಾದ ಕೂಡಲೇ ಪರೀಕ್ಷಿಸಲಾಯಿತು. ತಪನ್ ಗಾಂಧಿ, ಏಮಿ ಕಾಲಿಯಾ, ಸುಮಾ ಗಣೇಶ್, ಸಿನ್ಹಾ 2015ರಲ್ಲಿ ಫಲಿತಾಂಶ ಪ್ರಕಟಿಸಿದರು: ಮುಲ್ಲರ್-ಲೈಯರ್ ಚಿತ್ರಕ್ಕೂ, ಕೂಡಿಬರುವ ಗೆರೆಗಳ ಪೋಂಜೋ ಚಿತ್ರಕ್ಕೂ ಮಕ್ಕಳು ಮೋಸಹೋದರು.

ಒಂದು ಆಕ್ಷೇಪಕ್ಕೆ ಎಡೆಯಿದೆ. ಮುಲ್ಲರ್-ಲೈಯರ್ ಭ್ರಮೆ ಬೆರಳಿಗೂ ಉಂಟು. ಉಬ್ಬುಗೆರೆ ತಡವಿದ ಅಂಧರೂ ತಪ್ಪಾಗಿ ಅಳೆಯುತ್ತಾರೆ. ಹಾಗಿದ್ದರೆ ಮಕ್ಕಳು ಕೈಯಿಂದ ಕಲಿತದ್ದನ್ನೇ ಕಣ್ಣಿಗೆ ದಾಟಿಸಿರಬಹುದಲ್ಲ? ಇದಕ್ಕೆ ಉತ್ತರ ಅದೇ ಆಸ್ಪತ್ರೆಯಲ್ಲಿದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. 2011ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಸಂಗಡಿಗರು, ಹೊಸದಾಗಿ ದೃಷ್ಟಿ ಪಡೆದ ಐವರು ಮುಟ್ಟಿದ ವಸ್ತುವನ್ನು ನೋಡಿ ಗುರುತಿಸಲು ಬಹುಮಟ್ಟಿಗೆ ಸೋತರೆಂದು ತೋರಿಸಿದ್ದರು. ಕೆಲವೇ ದಿನಗಳಲ್ಲಿ ಆ ಸಾಮರ್ಥ್ಯ ಸುಧಾರಿಸಿತು. ಕೈಯ ಅರಿವು ಕಣ್ಣಿಗೆ ತಕ್ಷಣ ದಾಟುವುದಿಲ್ಲ. ಘನವಸ್ತುಗಳ ಪ್ರಯೋಗವನ್ನು ಚಪ್ಪಟೆ ಗೆರೆಗಳಿಗೆ ಹೊಂದಿಸುವಾಗ ತುಸು ಹಿಂಜರಿಕೆ ಇರಬೇಕು, ನಿಜ.

ಗ್ರೆಗರಿ ಇಲ್ಲಿ ಪೂರ್ತಿ ಸೋತಿಲ್ಲ. ದೂರ-ಗಾತ್ರದ ಲೆಕ್ಕ ಹುಟ್ಟಿನಿಂದಲೇ ಮಿದುಳಿನಲ್ಲಿದ್ದರೆ ಅವರ ಸಿದ್ಧಾಂತಕ್ಕೆ ಧಕ್ಕೆಯಿಲ್ಲ. ಬಿದ್ದದ್ದು ‘ಕಣ್ಣಿನ ರೂಢಿ’ ಎಂಬ ಭಾಗ. ಗೆರೆ-ರೆಕ್ಕೆಗಳನ್ನು ಬೆರೆಸಿ ಸರಾಸರಿ ತೆಗೆಯುವ ಸರಳ ನರಕ್ರಿಯೆಯೂ ಇದೇ ಫಲ ಕೊಡಬಲ್ಲದು, ಇವೆರಡನ್ನು ದೆಹಲಿಯ ಪ್ರಯೋಗ ಬೇರ್ಪಡಿಸುವುದಿಲ್ಲ. ತೋಡರ ಫಲಿತಾಂಶವೂ ಹಾಗೆಯೇ ಉಳಿಯುತ್ತದೆ: ಭ್ರಮೆ ಹುಟ್ಟಲು ಅನುಭವ ಬೇಡವಾದರೂ ಅದರ ಪ್ರಮಾಣ ಹೆಚ್ಚು ಕಡಿಮೆಯಾಗಲು ಬೇಕಾಗಬಹುದು. ಅದನ್ನು ತಿಳಿಯಲು ಅವೇ ಮಕ್ಕಳಲ್ಲಿ ಭ್ರಮೆಯ ಪ್ರಮಾಣವನ್ನು ವರ್ಷಗಟ್ಟಲೆ ಅಳೆಯಬೇಕು.