ಹಳೆಯ ದಾಖಲೆಗಳ ವೇಳೆ ಮತ್ತು ಅದರ ಪರಿವರ್ತನೆ

ಚಾರಿತ್ರಿಕ ದಾಖಲೆಗಳನ್ನು ಎಸ್‌ಕ್ಯೂಎಲ್ ಡೇಟಾಬೇಸುಗಳಲ್ಲಿ ಕ್ರೋಡೀಕರಿಸುವಾಗ ವೇಳೆಯನ್ನು ಸಾಮಾನ್ಯವಾಗಿ ವಿಶ್ವಕಾಲಕ್ಕೆ ಪರಿವರ್ತಿಸಿ ಇಡುತ್ತಾರೆ. ಭಾರತದ ವೇಳೆಯಿಂದ ಐದೂವರೆ ಗಂಟೆ ಕಳೆದರೆ ಸಾಕೆಂಬ ಭಾವನೆ ಬಹುಮಂದಿಯಲ್ಲಿದೆ. ಚರಿತ್ರೆ ಅದನ್ನು ಸಮರ್ಥಿಸುವುದಿಲ್ಲ.

82½ ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದ ಈ ಕಾಲಮಾನ ಜಾರಿಗೆ ಬಂದುದು 1906ರ ಜನವರಿ 1ರಂದು. ಅದಕ್ಕೆ ಮುನ್ನ ರೈಲ್ವೆಗಳು ಅನುಸರಿಸುತ್ತಿದ್ದ ಮದರಾಸಿನ ಕಾಲವು ಗ್ರೀನಿಚ್ ಕಾಲಕ್ಕಿಂತ ಸುಮಾರು 5 ಗಂಟೆ 21 ನಿಮಿಷ ಮುಂದಿತ್ತು; ಮುಂಬಯಿಯದು 4 ಗಂಟೆ 51 ನಿಮಿಷ. ಮುಂಬಯಿಯಲ್ಲಿ ಈ ಸ್ಥಳೀಯ ಕಾಲವು 1906ರ ಅನಂತರವೂ ದಶಕಗಳವರೆಗೆ ಬಳಕೆಯಲ್ಲಿತ್ತು. ಯುದ್ಧದ ನಿಮಿತ್ತ 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ದೇಶದ ಗಡಿಯಾರಗಳನ್ನು ಇನ್ನೂ ಒಂದು ಗಂಟೆ ಮುಂದಿಡಲಾಗಿತ್ತು. ಆದುದರಿಂದ 1943ರ ತಂತಿಯೊಂದರ ವೇಳೆಯಿಂದ ಐದೂವರೆ ಗಂಟೆಯನ್ನಷ್ಟೇ ಕಳೆದರೆ ಘಟನೆಗಳ ಪೂರ್ವಾಪರವೇ ತಲೆಕೆಳಗಾಗಬಹುದು.

ಲೆಕ್ಕ ಸರಿಯಾಗಿದ್ದರೂ ಅಪಾಯ ತಪ್ಪದು. 1947ರ ಆಗಸ್ಟ್ 15 ಆರಂಭವಾದ ಮಧ್ಯರಾತ್ರಿಯು ವಿಶ್ವಕಾಲದಲ್ಲಿ 14ರ ಸಂಜೆ 6 ಗಂಟೆ 30 ನಿಮಿಷ. ಕಾಲವಲಯವನ್ನು ನಮೂದಿಸದೆ ದಿನಾಂಕವನ್ನು ಮಾತ್ರ ಬೇರ್ಪಡಿಸಿದರೆ ಸ್ವಾತಂತ್ರ್ಯದ ದಿನವೇ ಹಿಂದೆ ಸರಿಯುತ್ತದೆ.

‘ಏಷ್ಯಾ/ಕೋಲ್ಕತಾ’ ಎಂಬ ವಲಯನಾಮದಲ್ಲಿ ಯುದ್ಧಕಾಲದ ಬದಲಾವಣೆ ಅಡಕವಾಗಿದೆ. ಮುಂಬಯಿಯ ಹಳೆಯ ಕಾಲ ಅಡಕವಾಗಿಲ್ಲ. ಆದಕಾರಣ ಮೂಲದಲ್ಲಿರುವ ವೇಳೆಯನ್ನೂ ಸ್ಥಳವನ್ನೂ ಇದ್ದಂತೆಯೇ ಉಳಿಸಿ, ಪರಿವರ್ತಿತ ವೇಳೆಯನ್ನು ಪ್ರತ್ಯೇಕ ಅಂಕಣದಲ್ಲಿ ದಾಖಲಿಸುವುದು ಸಂಶೋಧಕನ ಕರ್ತವ್ಯವಾಗಿದೆ.